ಎತ್ತಬಾರದ ಫೋನು

ಜಗದೇವಿ ಅಕ್ಕ ಇಪ್ಪತ್ತೆರಡು ವರ್ಷಗಳಿಂದ ನಾಸಿಕಿನ ಅಂಬಡದಲ್ಲಿರುವ ಒಂದು ಕಟ್ಟಡ ಕಂಪನಿಯ ಆಫೀಸಿನಲ್ಲಿ ಫೋನಿನ ಮುಂದೆ ಕೂತಿದ್ದಾರೆ. ಅವರ ಅರ್ಧ ಕೆಲಸ ಫೋನ್ ಎತ್ತುವುದು, ಇನ್ನರ್ಧ ಕೆಲಸ ಎತ್ತದೇ ಇರುವುದು. ಈ ಎರಡನೆಯ ಅರ್ಧವನ್ನು ನಾನು ಕೆಲಸ ಅಂತಲೇ ತಿಳಿದಿರಲಿಲ್ಲ. ತಿಳಿಯದೆ ನಾನು ಮಾಡಿಟ್ಟ ಘನಂದಾರಿಯಿಂದ ಹೋದ ಫೆಬ್ರುವರಿಯ ಒಂದು ಗುರುವಾರ ಏನಾಗಲಿಕ್ಕಿತ್ತು ಎಂದು ನೆನೆದರೆ ಈಗಲೂ ಎತ್ತಿದ ತುತ್ತನ್ನು ತಿರುಗಿ ತಟ್ಟೆಗೆ ಇಡುತ್ತೇನೆ.

ನಾನು ಸಂಗಮನಾಥ, ಬೀದರ ಜಿಲ್ಲೆಯ ಭಾಲ್ಕಿ ಕಡೆಯವನು. ನಾಸಿಕಿಗೆ ಬಂದು ಇಪ್ಪತ್ತು ವರ್ಷವಾಯಿತು. ಆಫೀಸುಗಳಿಗೆ ಫೋನು ಕೂಡಿಸುವುದು, ಕೆಟ್ಟದ್ದನ್ನು ಸರಿಮಾಡುವುದು ನನ್ನ ಉದ್ಯೋಗ. ಮೊದಲು ತಾಮ್ರದ ತಂತಿ ಎಳೆಯುತ್ತಿದ್ದೆ, ಈಗ ಎಲ್ಲವೂ ಇಂಟರ್ನೆಟ್ಟಿನ ಮೇಲೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ದೂರುತ್ತಾರೆ. ಕೆಟ್ಟ ಫೋನುಗಳ ಜೊತೆ ಇಪ್ಪತ್ತು ವರ್ಷ ಸಂಸಾರ ಮಾಡಿದವನಿಗೆ ಇನ್ನೇನು ಬರಬೇಕು?

ಜಗದೇವಿ ಅಕ್ಕನ ಕಂಪನಿಯ ಕೆಲಸ ಸಿನ್ನರಿನಲ್ಲೂ ನಡೆದಿದೆ, ಛತ್ರಪತಿ ಸಂಭಾಜಿನಗರದ ಆಚೆ ಶೇಂದ್ರಾದಲ್ಲೂ ನಡೆದಿದೆ. ಶೇಂದ್ರಾದಲ್ಲಿ ಒಂದು ಕಾರ್ಖಾನೆಯ ಕಂಪೌಂಡಿನೊಳಗೆ ಹೊಸ ಕಟ್ಟಡ ಏಳುತ್ತಿದೆ. ಒಳಗೆ ಹೋಗುವ ಕೂಲಿಗಳು ಗೇಟಿನಲ್ಲೇ ಮೊಬೈಲು ಕೊಟ್ಟು ಹೋಗಬೇಕೆಂಬುದು ಆ ಕಾರ್ಖಾನೆಯ ಕಟ್ಟಳೆ. ಕೂಲಿಗಳಲ್ಲಿ ಮುಕ್ಕಾಲು ಪಾಲು ನಮ್ಮ ಕಲಬುರಗಿ, ಯಾದಗಿರಿ ಕಡೆಯವರು. ಅವರ ಹೆಂಡಿರು ಮಕ್ಕಳು ಎರಡು ಕಿಲೋಮೀಟರ್ ಆಚೆ ತಗಡಿನ ಶೆಡ್ಡುಗಳಲ್ಲಿ ಇರುತ್ತಾರೆ. ಮಗುವಿಗೆ ಜ್ವರ ಬಂದರೆ, ಊರಿಂದ ಕೆಟ್ಟ ಸುದ್ದಿ ಬಂದರೆ ಗಂಡನಿಗೆ ತಿಳಿಸುವುದು ಹೇಗೆ? ಅವನ ಮೊಬೈಲು ಗೇಟಿನ ಪೆಟ್ಟಿಗೆಯಲ್ಲಿ ಸುಮ್ಮನೆ ಬಡಿದುಕೊಳ್ಳುತ್ತಿರುತ್ತದೆ. ಸೈಟಿನ ಆಫೀಸಿಗೆ ಮಾಡಿದರೆ ಎತ್ತುವವರು ಮರಾಠಿಯವರು. ಹಾಗಾಗಿ ಆ ಹೆಣ್ಣುಮಕ್ಕಳೆಲ್ಲ ಸುಮಾರು ಇನ್ನೂರು ಕಿಲೋಮೀಟರ್ ದೂರದ ನಾಸಿಕಿಗೆ, ಜಗದೇವಿ ಅಕ್ಕನ ಫೋನಿಗೆ, ಮಿಸ್ ಕಾಲ್ ಕೊಡುತ್ತಾರೆ.

ಕೊಡುತ್ತಾರೆ, ಮಾತಾಡುವುದಿಲ್ಲ. ಪೈಸೆ ಉಳಿಸುತ್ತಿದ್ದ ಕಾಲದಲ್ಲಿ ಹುಟ್ಟಿದ ಪದ್ಧತಿ ಅದು. ಈಗ ಎಷ್ಟು ಮಾತಾಡಿದರೂ ಅಷ್ಟೇ ಎನ್ನುವ ಕಾಲ ಬಂದರೂ ಪದ್ಧತಿ ಹೋಗಿಲ್ಲ, ಯಾಕೆಂದರೆ ಅದರಲ್ಲಿ ಇನ್ನೊಂದು ಅನುಕೂಲವಿದೆ. ಆ ಕಡೆ ಯಾರೋ ಸಾಹೇಬರು ಎತ್ತಿ ಮರಾಠಿಯಲ್ಲಿ ಗದರುತ್ತಾರೆಂಬ ಭಯವಿಲ್ಲ. ಬಾರಿಸಿ ಬಿಟ್ಟರೆ ಅಕ್ಕ ತಾವೇ ತಿರುಗಿ ಮಾಡುತ್ತಾರೆ, ಕನ್ನಡದಲ್ಲಿ "ಶರಣ್ರಿ, ಏನಾಗ್ಯಾದವ್ವಾ?" ಎಂದು ಕೇಳುತ್ತಾರೆ, ಆಮೇಲೆ ಸೈಟಿಗೆ ಫೋನ್ ಮಾಡಿ ಗಂಡನಿಗೆ ಮುಟ್ಟಿಸುತ್ತಾರೆ. ಇದಕ್ಕೊಂದು ಕಟ್ಟುನಿಟ್ಟು ಇತ್ತು, ಅಕ್ಕನೇ ಹಾಕಿದ್ದು. ಒಂದು ಸಲ ಬಾರಿಸಿ ಬಿಟ್ಟರೆ ಅವಸರವಿಲ್ಲ, ಬಿಡುವಾದಾಗ ಮಾಡಿದರಾಯಿತು. ಎರಡು ಸಲ ಬಾರಿಸಿದರೆ ಯಾರಿಗೋ ಹುಷಾರಿಲ್ಲ, ಗಂಡನನ್ನು ಮನೆಗೆ ಕಳಿಸಬೇಕು. ಮೂರು ಸಲ ಬಾರಿಸಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಎದ್ದೇಳಬೇಕು.

ಅಕ್ಕನ ಮೇಜಿನ ಮೇಲಿದ್ದದ್ದು ಹತ್ತು ವರ್ಷ ಹಳೆಯ ಕರಿ ಫೋನು. ದೊಡ್ಡ ದೊಡ್ಡ ಗುಂಡಿಗಳು, ಗಟ್ಟಿ ಗಂಟೆ, ಮೇಲೆ ಮೂಲೆಯಲ್ಲಿ ಒಂದು ಕೆಂಪು ದೀಪ. ಎತ್ತದ ಕರೆ ಬಂದರೆ ಆ ದೀಪ ಮಿಣುಕುತ್ತದೆ, ಪರದೆಯಲ್ಲಿ ನಂಬರು ಕಾಣುತ್ತದೆ. ನಂಬರು ನೋಡಿದರೆ ಸಾಕು, ಅದು ಯಾರ ಮನೆಯದು, ಅವಳ ಗಂಡ ಕಬ್ಬಿಣ ಕಟ್ಟುವವನೋ ಪ್ಲಾಸ್ಟರಿನವನೋ ಎಂದು ಅಕ್ಕ ಹೇಳಿಬಿಡುತ್ತಿದ್ದರು. ಎದುರಿಗೆ ಒಂದು ವಹಿ ಇಟ್ಟುಕೊಂಡಿದ್ದರೂ ಅದನ್ನು ತೆರೆದದ್ದು ನಾನು ಕಂಡಿಲ್ಲ. ನಾನು ಮಾತ್ರ ಇದನ್ನೆಲ್ಲ ಹಳೆಯ ಚಟ ಅನ್ನುತ್ತಿದ್ದೆ. "ಅಕ್ಕಾ, ಕಾಲ ಬದ್ಲಾಗ್ಯಾದ್ರಿ, ಅವ್ರಿಗಿ ಮಾತಾಡ್ಲಿಕ್ಕಿ ಕಲಸ್ರಿ" ಎಂದು ಅವರನ್ನು ಕಾಡುತ್ತಿದ್ದೆ. ಅವರು ನಕ್ಕು ಚಹಾ ತರಿಸುತ್ತಿದ್ದರು.

ಅಕ್ಕ ಈ ಕುರ್ಚಿಗೆ ಬಂದ ಬಗೆಯನ್ನೂ ಹೇಳಬೇಕು. ಹತ್ತೊಂಬತ್ತನೆಯ ವಯಸ್ಸಿಗೆ ಗಂಡ ವಿಶ್ವನಾಥಪ್ಪನ ಜೊತೆ ಆಳಂದ ಬಿಟ್ಟು ಇಟ್ಟಿಗೆ ಹೊರಲು ಬಂದವರು ಅವರು. ಒಂದು ದಿನ ಸಿನ್ನರಿನಲ್ಲಿ ವಿಶ್ವನಾಥಪ್ಪ ಕಟ್ಟಡದ ಮೇಲಿಂದ ಬಿದ್ದ. ಅಕ್ಕ ಆರು ಕಿಲೋಮೀಟರ್ ದೂರದ ಇನ್ನೊಂದು ಸೈಟಿನಲ್ಲಿದ್ದರು. ದವಾಖಾನೆಯಿಂದ ಆ ಸೈಟಿನ ಆಫೀಸಿಗೆ ಹನ್ನೊಂದಕ್ಕೇ ಫೋನ್ ಬಂತು. ಒಬ್ಬ ಗುಮಾಸ್ತ ಎತ್ತಿದ, ಕೇಳಿದ, ಆಗಲಿ ಅಂದ, ಮತ್ತೆ ತನ್ನ ಕೆಲಸದಲ್ಲಿ ಮುಳುಗಿದ. ಸುದ್ದಿ ಅಕ್ಕನಿಗೆ ಮುಟ್ಟಿದ್ದು ಸಂಜೆ. ಅಷ್ಟರಲ್ಲಿ ವಿಶ್ವನಾಥಪ್ಪ ನಾಲ್ಕು ತಾಸು ಹೆಂಡತಿಯ ಹೆಸರು ಹಿಡಿದು ಕೇಳಿ ಕಣ್ಣು ಮುಚ್ಚಿದ್ದ. "ಫೋನ್ ಎತ್ತವ್ರು ಇದ್ರು ತಮ್ಮಾ, ಮುಟ್ಸವ್ರು ಇರ್ಲಿಲ್ಲ" ಎಂದು ಅಕ್ಕ ನನಗೆ ಒಮ್ಮೆ ಹೇಳಿದ್ದರು. ಕಂಪನಿ ಅವರಿಗೆ ಆಫೀಸಿನಲ್ಲಿ ಕಸ ಗುಡಿಸುವ, ಚಹಾ ಕೊಡುವ ಕೆಲಸ ಕೊಟ್ಟಿತು. ಏಳನೆಯ ಇಯತ್ತೆ ಓದಿದ್ದ ಅಕ್ಕ ವರ್ಷಗಟ್ಟಲೆ ಆ ಕೆಲಸ ಮಾಡುತ್ತ ಮರಾಠಿ ಕಲಿತು, ಕಡೆಗೆ ಫೋನಿನ ಕುರ್ಚಿಯನ್ನು ತಾವೇ ಕೇಳಿ ತೆಗೆದುಕೊಂಡರು.

ಆ ಗುರುವಾರಕ್ಕೆ ಬರುತ್ತೇನೆ. ಕಂಪನಿಯ ಹಳೆಯ ನಂಬರು ಅದೇ ಇರಬೇಕು, ಆದರೆ ತಂತಿಯಿಂದ ಇಂಟರ್ನೆಟ್ಟಿಗೆ ಬದಲಾಗಬೇಕು. ಅದಕ್ಕೆ ನನ್ನನ್ನು ಕರೆದಿದ್ದರು. ಮ್ಯಾನೇಜರ್ ಮರಾಠಿಯವರು, ದೇವರೇ ಎಂಬುದು ಅವರ ಅಡ್ಡಹೆಸರು. ದೇವರೇ ಸಾಹೇಬರು ಒಳ್ಳೆಯ ಮನುಷ್ಯ, ಆದರೆ ಆತುರದವರು. ಗಿರಾಕಿ ಫೋನ್ ಮಾಡಿದ ಕೂಡಲೇ ಸ್ವಾಗತದ ಮಾತು ಕೇಳಬೇಕು, ಒಂದು ಒತ್ತಿದರೆ ಆಫೀಸು, ಎರಡು ಒತ್ತಿದರೆ ಸೈಟು, ಹೀಗೆ ವ್ಯವಸ್ಥೆ ಆಗಬೇಕು ಎಂದಿದ್ದರು. ಆ ಸ್ವಾಗತದ ಮಾತಿಗೆ ಧ್ವನಿ ಕೊಟ್ಟಿದ್ದು ನನ್ನ ಮಗಳು ಪ್ರಿಯಾ. ಕಾಲೇಜಿಗೆ ಹೋಗುವ ಹುಡುಗಿ, ನಾಸಿಕಿನಲ್ಲೇ ಹುಟ್ಟಿದವಳು. ಕನ್ನಡ ತಿಳಿಯುತ್ತದೆ, ಮಾತಾಡು ಅಂದರೆ ಮರಾಠಿಯಲ್ಲೇ ಉತ್ತರ. ಮನೆಯ ಫ್ಯಾನು ಬಂದ್ ಮಾಡಿ, ಕುಕ್ಕರಿನ ಸೀಟಿ ನಿಲ್ಲುವವರೆಗೆ ಕಾದು ಅವಳ ಮಾತನ್ನು ರೆಕಾರ್ಡ್ ಮಾಡಿಕೊಂಡಿದ್ದೆ. ಅಷ್ಟು ಚೆಂದದ ಮರಾಠಿ. ನನಗೆ ಹೆಮ್ಮೆಯಿಂದ ಎದೆ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ.

ನಾನು ಒಂಬತ್ತಕ್ಕೆ ಬಂದಾಗ ಅಕ್ಕನ ಮುಖದಲ್ಲಿ ನಗು ಇರಲಿಲ್ಲ. ಹೊಸ ಫೋನು ಬೇಡ, ಈ ಹಳೆಯದನ್ನೇ ಕೂಡಿಸು ಎಂದು ಮೊದಲೇ ಹಟ ಹಿಡಿದಿದ್ದರು. ಕೂಡಿಸಬಹುದಿತ್ತು, ಅದರ ಬೆನ್ನಿಗೆ ಇಂಟರ್ನೆಟ್ಟಿನ ತಂತಿ ಚುಚ್ಚುವ ಕಿಂಡಿ ಇದೆ. ಇಷ್ಟು ದಿನ ಅದು ಆಫೀಸಿನ ಮೂಲೆಯ ಪೆಟ್ಟಿಗೆಯೊಂದರ ಮಾತು ಕೇಳುತ್ತಿತ್ತು, ಇನ್ನು ಮೇಲೆ ದೂರದ ಸರ್ವರಿನ ಮಾತು ಕೇಳಬೇಕು. ಅಷ್ಟೇ ವ್ಯತ್ಯಾಸ.

"ಎಷ್ಟೊತ್ತು ಬಂದ್ ಇರ್ತದ ತಮ್ಮಾ?" ಎಂದರು ಅಕ್ಕ.

"ಅರ್ಧ ತಾಸ್ರಿ."

"ಇವತ್ತೇ ಮಾಡಬೇಕೇನು? ರೇಣವ್ವಗ ದಿನ ತುಂಬ್ಯಾವ."

ರೇಣವ್ವ ಶೇಂದ್ರಾದ ಶೆಡ್ಡಿನಲ್ಲಿದ್ದ ಇಪ್ಪತ್ತಮೂರು ವರ್ಷದ ಹುಡುಗಿ. ಗಂಡ ಕಾಶೀನಾಥ ಕಾರ್ಖಾನೆಯೊಳಗೆ ಕಬ್ಬಿಣ ಕಟ್ಟುತ್ತಿದ್ದ. ಹೋದ ವರ್ಷ ಚೊಚ್ಚಲ ಹೆರಿಗೆಗೆಂದು ತವರಿಗೆ ಹೊರಟವಳಿಗೆ ಬಸ್ಸಿನಲ್ಲೇ ರಕ್ತ ಹೋಗಿ ಕೂಸು ಉಳಿದಿರಲಿಲ್ಲ. ಈ ಸಲ ಪ್ರಯಾಣವೇ ಬೇಡವೆಂದು ಶೆಡ್ಡಿನಲ್ಲೇ ಉಳಿದಿದ್ದಳು. ರಕ್ತ ಕಂಡರೆ ಒಂದು ಗಳಿಗೆಯೂ ತಡಮಾಡದೆ ಬರಬೇಕು ಎಂದು ಸಂಭಾಜಿನಗರದ ಡಾಕ್ಟರು ಹೇಳಿ ಕಳಿಸಿದ್ದರು. ಹಗಲು ಹೊತ್ತು ಅವಳ ಸಾಲಿನ ಶೆಡ್ಡುಗಳ ಗಂಡಸರು ಹೆಂಗಸರು ಎಲ್ಲ ಕೆಲಸಕ್ಕೆ ಹೋಗಿ ಅವಳೊಬ್ಬಳೇ ಇರುತ್ತಿದ್ದಳು. "ಮೂರ್ ಸಲ ಬಾರ್ಸು, ಉಳದದ್ದು ನಾ ನೋಡ್ಕೋತೀನಿ ಅಂತ ಹೇಳೀನಿ" ಎಂದರು ಅಕ್ಕ.

"ಅಕ್ಕಾ, ಯಾರ್ ಮಾಡಿದ್ರೂ ಈಗ ಯಂತ್ರ ಎತ್ತತದ್ರಿ. ಒಂದು ಕಾಲೂ ಹಾಳಾಗಂಗಿಲ್ಲ" ಎಂದೆ ನಾನು. ಎಷ್ಟು ಧೈರ್ಯವಾಗಿ ಹೇಳಿದ್ದೆ.

ಹತ್ತು ಗಂಟೆಗೆ ನಂಬರು ಸರ್ವರಿಗೆ ಬದಲಾಯಿತು. ನಾನು ಫೋನಿಗೆ ತಂತಿ ಚುಚ್ಚಿ, ಅದರ ಮೆನುವಿನಲ್ಲಿ ವಿಳಾಸ ಹುಡುಕಿ, ಆ ವಿಳಾಸವನ್ನು ಲ್ಯಾಪ್‌ಟಾಪಿನಲ್ಲಿ ಹಾಕಿ ಫೋನಿನ ಒಳಪುಟ ತೆರೆದೆ. ಪಾಸ್‌ವರ್ಡ್ ಕೇಳಿತು. ಹತ್ತು ವರ್ಷದ ಹಿಂದೆ ಯಾವನೋ ಪುಣ್ಯಾತ್ಮ ಹಾಕಿಟ್ಟು ಹೋದ ಪಾಸ್‌ವರ್ಡ್. ಎಂಟು ಬಗೆ ಹಾಕಿದೆ, ಒಂದೂ ನಡೆಯಲಿಲ್ಲ. ಕಡೆಗೆ ಒಂದು ಗುಂಡಿಯನ್ನು ಬೆರಳು ನೋಯುವವರೆಗೆ ಒತ್ತಿ ಹಿಡಿದು ಫೋನಿನ ಹಳೆಯ ನೆನಪನ್ನೆಲ್ಲ ಅಳಿಸಿದೆ. ಹೊಸ ಹೆಸರು, ಹೊಸ ಗುಪ್ತಪದ, ಸರ್ವರಿನ ವಿಳಾಸ ಎಲ್ಲ ತುಂಬಿ ಫೋನನ್ನು ಬಂದ್ ಮಾಡಿ ಚಾಲೂ ಮಾಡಿದೆ. ಚಾಲೂ ಆಗುತ್ತಲೇ ಅದು ಮೂಲೆಯ ಹಳೆಯ ಪೆಟ್ಟಿಗೆಯನ್ನು ಹುಡುಕಿಕೊಂಡು ಹೋಗಿ, ಅಲ್ಲಿಂದ ಹಳೆಯದನ್ನೇ ತಂದು ನನ್ನದೆಲ್ಲ ಒರೆಸಿಹಾಕಿತು. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಆ ಪೆಟ್ಟಿಗೆಯ ತಂತಿ ಕಿತ್ತು ಬಿಸಾಕಿ, ತಲೆ ಚಿಟ್ಟು ಹಿಡಿದು ಮೊದಲಿನಿಂದ ಶುರು ಮಾಡಿದೆ.

ಇಷ್ಟು ಹೊತ್ತೂ ಅಕ್ಕ ಕುರ್ಚಿ ಬಿಟ್ಟು ಏಳಲಿಲ್ಲ. ಚಹಾ ಬಂತು, ಕುಡಿಯಲಿಲ್ಲ. ನಡುನಡುವೆ "ಯಾರರ ಮಾಡ್ಯಾರೇನು?" ಎಂದು ಕೇಳುತ್ತಿದ್ದರು. ಯಾರು ಮಾಡಿದ್ದಾರೆಂದು ಲ್ಯಾಪ್‌ಟಾಪಿನಲ್ಲಿ ಸರ್ವರಿನ ದಾಖಲೆ ತೆರೆದು ನೋಡಿದ್ದರೆ ಅರ್ಧ ನಿಮಿಷದ ಕೆಲಸ. ನಾನು ನೋಡಲಿಲ್ಲ. ಫೋನಿನ ಮೇಲೆ ಸಿಟ್ಟು ಬಂದಿತ್ತು, ಅದನ್ನು ಗೆಲ್ಲಬೇಕಿತ್ತು.

ಹನ್ನೊಂದೂವರೆ ದಾಟಿದ ಮೇಲೆ ಪರದೆಯ ಮೇಲೆ ಅಕ್ಕನ ಹೆಸರು ಬಂತು, ಪಕ್ಕದಲ್ಲಿ ಹಸಿರು ಗುರುತು ಬಂತು. ಗಡಿಯಾರ ಮಾತ್ರ ಬೆಳಗಿನ ಆರು ತೋರಿಸುತ್ತಿತ್ತು; ಅದನ್ನೂ ನಮ್ಮ ದೇಶದ ಹೊತ್ತಿಗೆ ತಂದೆ. ಪಕ್ಕದ ಕೋಣೆಯಿಂದ ಮಾಡಿದರೆ ಗಂಟೆ ಬಾರಿಸಿತು. ನನ್ನ ಮೊಬೈಲಿನಿಂದ ಮಾಡಿದೆ: ಪ್ರಿಯಾಳ ಧ್ವನಿ ಬಂತು, ಒಂದು ಒತ್ತಿದೆ, ಗಂಟೆ ಬಾರಿಸಿತು. ದೇವರೇ ಸಾಹೇಬರು ಬಾಗಿಲಲ್ಲಿ ನಿಂತು ಕೇಳಿ ಹೆಬ್ಬೆರಳು ಎತ್ತಿ ಹೋದರು. ನಾನು ಬೆವರು ಒರೆಸಿಕೊಂಡು ಬ್ಯಾಗು ಕಟ್ಟತೊಡಗಿದೆ.

ಅಕ್ಕ ಫೋನನ್ನೇ ನೋಡುತ್ತಿದ್ದರು. "ಕೆಂಪು ದೀಪ ಹತ್ತವಲ್ದು" ಎಂದರು.

"ಯಾರೂ ಮಾಡಿಲ್ರಿ, ಅದಕ್ಕೇ."

"ಮುಂಜಾನಿಂದ ಒಂದೂ ಇಲ್ಲಂದ್ರ ಹ್ಯಾಂಗೋ? ದಿನಾ ಈ ಹೊತ್ತಿಗಿ ಏಳೆಂಟು ಬರ್ತಾವ." "ಒಂದು ಮಿಸ್ ಕಾಲ್ ಕೊಡು ನೋಡ್ಮು" ಎಂದರು.

"ಅಕ್ಕಾ, ಕಾಲ್ ಬರ್ತದಂದ್ರ ಮಿಸ್ ಕಾಲ್ ಬರಂಗಿಲ್ಲೇನ್ರಿ? ನೀವೂ ಒಂದು…" ಎಂದು ಗೊಣಗುತ್ತಲೇ ಮೊಬೈಲು ತೆಗೆದು ಬಾರಿಸಿದೆ. ಮೊದಲ ರಿಂಗು ಮುಗಿಯುವ ಮುಂಚೆಯೇ "ನಮಸ್ಕಾರ" ಎಂದಳು ಪ್ರಿಯಾ. ಕತ್ತರಿಸಿದೆ. ಮೇಜಿನ ಮೇಲಿನ ಫೋನು ಗಂಟೆ ಬಾರಿಸಲಿಲ್ಲ. ದೀಪ ಹತ್ತಲಿಲ್ಲ. ಪರದೆಯ ಮೇಲೆ ಏನೂ ಬರಲಿಲ್ಲ.

ಯಾಕೆ ಬರಬೇಕು? ಕರೆಯನ್ನು ಸರ್ವರ್ ಎತ್ತಿಕೊಂಡಿತ್ತು. ಎತ್ತಿದ ಮೇಲೆ ಅದು ಮಿಸ್ ಕಾಲ್ ಆಗುವುದು ಹೇಗೆ?

ಕಟ್ಟಿದ ಬ್ಯಾಗು ಬಿಚ್ಚಿ ಲ್ಯಾಪ್‌ಟಾಪು ತೆಗೆದು ಸರ್ವರಿನ ದಾಖಲೆ ತೆರೆದೆ. ಹತ್ತು ಗಂಟೆಯಿಂದ ಈಚೆಗೆ, ನನ್ನ ಪರೀಕ್ಷೆಯವನ್ನು ಬಿಟ್ಟು, ಒಟ್ಟು ಹನ್ನೊಂದು ಕರೆಗಳು ಬಂದಿದ್ದವು. ಎಲ್ಲದರ ಮುಂದೂ 'ಉತ್ತರಿಸಲಾಗಿದೆ' ಎಂದು ಹಸಿರು ಅಕ್ಷರದಲ್ಲಿ ಬರೆದಿತ್ತು. ಎರಡು ಸೆಕೆಂಡು, ಮೂರು ಸೆಕೆಂಡು, ಎರಡು ಸೆಕೆಂಡು. ಮರಾಠಿ ಧ್ವನಿ ಕೇಳಿದ್ದೇ ತಡ ಕತ್ತರಿಸಿದ ಹೆಣ್ಣುಮಕ್ಕಳು. ಅಕ್ಕ ನನ್ನ ಹೆಗಲ ಮೇಲಿಂದ ಬಗ್ಗಿ ನಂಬರುಗಳನ್ನು ಓದಿದರು. ಒಂದು ಕಡೆ ಅವರ ಬೆರಳು ನಿಂತಿತು. ಹತ್ತು ಐವತ್ತೆರಡು, ಹತ್ತು ಐವತ್ತಮೂರು, ಹತ್ತು ಐವತ್ತೈದು. ಮೂರೂ ಒಂದೇ ನಂಬರು.

"ರೇಣವ್ವ" ಎಂದರು.

ಅದೇ ನಂಬರು ಇನ್ನೊಂದು ಸಲ ಕೆಳಗೆ ಇತ್ತು, ಹನ್ನೊಂದು ಇಪ್ಪತ್ತಕ್ಕೆ. ಅದು ಎರಡು ಸೆಕೆಂಡಿನದಲ್ಲ, ಒಂದು ನಿಮಿಷ ಎಂಟು ಸೆಕೆಂಡಿನದು. ಏನೂ ಒತ್ತದಿದ್ದರೆ ಕೊನೆಗೆ ಸಂದೇಶ ರೆಕಾರ್ಡ್ ಆಗಲಿ ಎಂದು ನಾನೇ ವ್ಯವಸ್ಥೆ ಮಾಡಿದ್ದೆ. ಒತ್ತಿದೆ. ಮೊದಲು ಬರೀ ಉಸಿರಾಟ ಕೇಳಿಸಿತು.

"ಬಾಯೀ… ಮೀ ರೇಣವ್ವಾ… ಶೇಂದ್ರಾ. ಜಗದೇವಿ ಅಕ್ಕಾಲಾ ಸಾಂಗಾ. ಪೋಟ ದುಖತೆ ಬಾಯಿ. ರಕ್ತ… ರಕ್ತ ಯೇತೆ. ಕಾಶೀನಾಥಲಾ ಸಾಂಗಾ."

ಮರಾಠಿಯಲ್ಲಿ ಬಾಯಿ ಅಂದರೆ ಅಮ್ಮಾವರೇ ಎಂದ ಹಾಗೆ: ಅಮ್ಮಾ, ಜಗದೇವಿ ಅಕ್ಕನಿಗೆ ಹೇಳಿ, ಹೊಟ್ಟೆ ನೋಯುತ್ತಿದೆ, ರಕ್ತ ಹೋಗುತ್ತಿದೆ, ಗಂಡನಿಗೆ ತಿಳಿಸಿ. ಮರಾಠಿಗೆ ಹೆದರಿ ಒಂದು ದಿನವೂ ಫೋನಿನಲ್ಲಿ ಬಾಯಿ ಬಿಡದವಳು ತನಗೆ ಬರುವ ನಾಲ್ಕು ಮಾತುಗಳನ್ನು ಜೋಡಿಸಿ ನನ್ನ ಮಗಳ ಧ್ವನಿಗೆ ಹೇಳಿದ್ದಳು. ಆಮೇಲೆ ಕಾದಿದ್ದಳು. ಕಾದು ಕಾದು ಕನ್ನಡದಲ್ಲೇ ಕೇಳಿದ್ದಳು: "ತಿಳೀತೇನ್ರಿ ಬಾಯಿ? ಯಾಕ ಸುಮ್ಕಿದ್ದೀರಿ? ಏನರ ಅನ್ರಿ."

ಅಕ್ಕ ಆಗಲೇ ಫೋನ್ ಎತ್ತಿ ನಂಬರು ಒತ್ತುತ್ತಿದ್ದರು. ಹೊರಗಿನ ಲೈನು ಬೇಕೆಂದರೆ ಮೊದಲು ಸೊನ್ನೆ ಒತ್ತುವುದು ಅವರ ಇಪ್ಪತ್ತೆರಡು ವರ್ಷದ ರೂಢಿ. ಹೊಸ ವ್ಯವಸ್ಥೆಯಲ್ಲಿ ಆ ಸೊನ್ನೆ ಇಲ್ಲ. ಟೂಂ ಟೂಂ ಎಂದು ಬಡಿದುಕೊಂಡು ಕರೆ ಹೋಗಲಿಲ್ಲ. ಮತ್ತೆ ಒತ್ತಿದರು, ಮತ್ತೆ ಹೋಗಲಿಲ್ಲ.

"ಸೊನ್ನಿ ಬ್ಯಾಡ್ರಿ ಅಕ್ಕಾ, ಸೊನ್ನಿ ಹಚ್ಚಬ್ಯಾಡ್ರಿ" ಎಂದೆ.

ಮೂರನೆಯ ಸಲ ಹೋಯಿತು. ರೇಣವ್ವನ ಮೊಬೈಲು ಬಾರಿಸಿತು, ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಅಕ್ಕ ಅದನ್ನು ಬಿಟ್ಟು ನನ್ನ ಮೊಬೈಲು ಕಸಿದುಕೊಂಡು ಆಂಬುಲೆನ್ಸಿಗೆ ಮಾಡಿದರು. ಶೆಡ್ಡು ಎಲ್ಲಿದೆ, ಯಾವ ತಿರುವು, ಯಾವ ನೀರಿನ ಟಾಕಿ ಎಂದು ಒಂದೂ ತಪ್ಪದೆ ಮರಾಠಿಯಲ್ಲಿ ಹೇಳಿದರು. ಅಲ್ಲಿಂದ ಶೇಂದ್ರಾದ ಗೇಟಿಗೆ ಮಾಡಿದರು. ಗೇಟಿನಲ್ಲಿ ಕಾವಲಿಗಿರುವ ಮಹಿಬೂಬ ಅಫಜಲಪುರದವನು, ಮೊಬೈಲುಗಳ ಪೆಟ್ಟಿಗೆಯ ಕೀಲಿ ಅವನ ಬಳಿಯೇ ಇರುತ್ತದೆ.

"ಮಹಿಬೂಬ, ಕಾಶೀನಾಥನ್ನ ಹೊರಗ ಕಳಸು. ರೇಣವ್ವಗ ರಕ್ತ ಹೋಗ್ಲತ್ತದ. ಗಾಡಿ ಯಾವ್ದರ ಇರ್ಲಿ, ಕೊಟ್ ಕಳಸು."

"ಅಕ್ಕಾ, ಅಂವ ಮ್ಯಾಲ ಮೂರ್ನೇ ಮಾಳಿಗ್ಯಾಗ ಹಾನ್ರೀ. ನಾನೇ ಹೋಗ್ತೀನಿ ಒಳಗ."

"ಓಡು."

ಗಡಿಯಾರ ನೋಡಿದೆ, ಹನ್ನೆರಡು ಹತ್ತು. ಅವಳು ಮೊದಲು ಬಾರಿಸಿ ಒಂದು ತಾಸು ಹದಿನೆಂಟು ನಿಮಿಷ. ನಾನು ಆ ಹೊತ್ತಿನಲ್ಲಿ ಒಂದು ಪಾಸ್‌ವರ್ಡಿನ ಜೊತೆ ಗುದ್ದಾಡುತ್ತಿದ್ದೆ.

"ಅಕ್ಕಾ, ನಂದು ತಪ್ಪಾಯ್ತು" ಎಂದೆ.

ಅಕ್ಕ ನನ್ನತ್ತ ನೋಡಲಿಲ್ಲ. "ಅದೆಲ್ಲ ಆಮ್ಯಾಲ. ಮೊದ್ಲ ಫೋನಿನಾಗಿನ ಆ ಮರಾಠಿ ಹೆಣ್ಮಗಳನ್ನ ತೆಗಿ ಅಲ್ಲಿಂದ. ಫೋನು ಸೀದಾ ನನ್ನ ಮೇಜಿಗಿ ಬರ್ಲಿ."

ತೆಗೆಯಲು ಕೂತೆ. ಆತುರದಲ್ಲಿ ಎರಡು ಸಲ ಬೇರೆಲ್ಲೋ ಒತ್ತಿದೆ. ಅಷ್ಟರಲ್ಲಿ ದೇವರೇ ಸಾಹೇಬರು ಮತ್ತೆ ಬಂದರು. ಸ್ವಾಗತದ ಮಾತನ್ನು ತೆಗೆಯುತ್ತಿರುವುದು ಕಂಡು ಹುಬ್ಬು ಗಂಟಿಕ್ಕಿದರು. ಅಕ್ಕ ಅವರಿಗೆ ಏನನ್ನೂ ವಿವರಿಸಲು ಹೋಗಲಿಲ್ಲ. ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿ ರೇಣವ್ವನ ಸಂದೇಶವನ್ನು ಇನ್ನೊಮ್ಮೆ ಹಚ್ಚಿಸಿದರು. ಸಾಹೇಬರು ಕೊನೆಯವರೆಗೆ ಕೇಳಿದರು. ಕನ್ನಡದ ಮಾತು ಬಂದಾಗ ಅದರರ್ಥವೇನು ಎಂದು ನನ್ನನ್ನು ಕೇಳಿದರು. ಹೇಳಿದೆ. ಅವರು ಒಂದು ಸ್ಟೂಲು ಎಳೆದುಕೊಂಡು ಅಲ್ಲೇ ಕೂತರು, ತಮ್ಮ ಕೋಣೆಗೆ ಹೋಗಲಿಲ್ಲ.

ಪ್ರಿಯಾಳ ಧ್ವನಿಯನ್ನು ಅಳಿಸಿದೆ. ನಂಬರಿಗೆ ಬಂದ ಕರೆ ನೇರವಾಗಿ ಕರಿ ಫೋನಿಗೆ ಬರುವಂತೆ, ಎಷ್ಟು ಹೊತ್ತು ಬಾರಿಸಿದರೂ ಯಂತ್ರ ನಡುವೆ ಬಾಯಿ ಹಾಕದಂತೆ ಮಾಡಿದೆ. ಮೊಬೈಲಿನಿಂದ ಒಂದು ಸಲ ಬಾರಿಸಿ ಬಿಟ್ಟೆ. ಗಂಟೆ ಒಮ್ಮೆ ಬಡಿಯಿತು, ಕೆಂಪು ದೀಪ ಹತ್ತಿತು. ಅಕ್ಕ ದೀಪ ನೋಡಿ ತಲೆಯಾಡಿಸಿ ಅದನ್ನು ಆರಿಸಿದರು.

ಹನ್ನೆರಡು ನಲವತ್ತಕ್ಕೆ ಮಹಿಬೂಬ ಮಾಡಿದ. ಶೆಡ್ಡಿನ ಬಾಗಿಲು ಒಳಗಿಂದ ಹಾಕಿತ್ತಂತೆ, ಕಾಶೀನಾಥ ಪಕ್ಕದ ತಗಡು ಕಿತ್ತು ಒಳಗೆ ಹೋದನಂತೆ. ರೇಣವ್ವ ನೆಲದ ಮೇಲೆ ಬಿದ್ದಿದ್ದಳು. ಕಣ್ಣು ಬಿಡುತ್ತಿದ್ದಳು, ಮಾತು ಇರಲಿಲ್ಲ. ಆಂಬುಲೆನ್ಸು ಆಗಷ್ಟೇ ಬಂದು ಇಬ್ಬರನ್ನೂ ಹತ್ತಿಸಿಕೊಂಡು ಜಾಲನಾ ರಸ್ತೆ ಹಿಡಿದು ದೊಡ್ಡ ದವಾಖಾನೆಗೆ ಹೋಗಿದೆ. "ಕಾಶ್ಯಾನ ಮೊಬೈಲ್ ಅವನ ಕೈಯಾಗ ಕೊಟ್ಟೀನ್ರಿ ಅಕ್ಕಾ. ದುವಾ ಮಾಡ್ರಿ" ಎಂದ ಮಹಿಬೂಬ.

ಅದಾದ ಮೇಲೆ ಯಾರದೂ ಸುದ್ದಿ ಇಲ್ಲ.

ಕಾಶೀನಾಥನಿಗೆ ನಾವೇ ಮಾಡಿದರೆ ಎತ್ತುತ್ತಿರಲಿಲ್ಲ. ಒಂದೂವರೆಯಾಯಿತು, ಎರಡಾಯಿತು. ನಡುವೆ ಬೇರೆ ಕರೆಗಳು ಬಂದವು. ಪ್ರತಿ ಸಲ ಗಂಟೆ ಬಡಿದಾಗ ನಾನು ಎದ್ದು ನಿಲ್ಲುತ್ತಿದ್ದೆ. ಅಕ್ಕ ನಂಬರು ನೋಡಿ, "ಇದು ಸಿಮೆಂಟಿನವ್ರದು" ಎಂದು ಎತ್ತಿ ಮಾತಾಡಿ ಇಡುತ್ತಿದ್ದರು. ಬೆಳಗಿನಿಂದ ಬಂದು ಹಾಳಾಗಿದ್ದ ಉಳಿದ ಮಿಸ್ ಕಾಲ್‌ಗಳಿಗೆ ಒಂದೊಂದಾಗಿ ತಿರುಗಿ ಮಾಡಿದರು. ಒಬ್ಬಳಿಗೆ ಮಗುವಿನ ಔಷಧ ಬೇಕಿತ್ತು, ಒಬ್ಬಳ ಮಾವ ಊರಿಂದ ಬಂದಿದ್ದ. ಎಲ್ಲರಿಗೂ ಅದೇ ಮೆತ್ತನೆಯ ದನಿಯಲ್ಲಿ "ಶರಣ್ರಿ". ಆ ಶಾಂತಿ ನೋಡಿ ನನಗೆ ಇನ್ನೂ ಸಂಕಟವಾಗುತ್ತಿತ್ತು. ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ. ಬೈಯಲಿಲ್ಲ. ಒಂದೇ ಒಂದು ಸಲ, 'ಉತ್ತರಿಸಲಾಗಿದೆ' ಎಂದು ಬರೆದಿದ್ದ ಪರದೆಯ ಕಡೆ ನೋಡುತ್ತ, "ಅವತ್ತಿನ ಗುಮಾಸ್ತನೂ ಹಿಂಗೇ ಬರದಿರಬೇಕು" ಎಂದರು. ನಾನು ಲ್ಯಾಪ್‌ಟಾಪು ಮುಚ್ಚಿದೆ.

ಊಟದ ಡಬ್ಬಿ ಬಿಚ್ಚಲಿಲ್ಲ. ದೇವರೇ ಸಾಹೇಬರು ಸಂಭಾಜಿನಗರದ ತಮ್ಮ ಪರಿಚಯದವರನ್ನೆಲ್ಲ ಹಿಡಿದು ದವಾಖಾನೆಯ ಸುದ್ದಿ ತರಿಸಲು ನೋಡಿದರು, ಸಿಗಲಿಲ್ಲ. ನನಗೆ ಆ ಧ್ವನಿಯೇ ಕಿವಿಯಲ್ಲಿ ಕೂತಿತ್ತು. ಯಾಕ ಸುಮ್ಕಿದ್ದೀರಿ, ಏನರ ಅನ್ರಿ. ಆ ಹುಡುಗಿಗೆ ಏನಾದರೂ ಆದರೆ ನಾನು ಮನೆಗೆ ಹೋಗಿ ಪ್ರಿಯಾಳ ಮುಖ ಹೇಗೆ ನೋಡಲಿ ಎಂಬ ಯೋಚನೆಯೇ ಸುತ್ತಿ ಸುತ್ತಿ ಬರುತ್ತಿತ್ತು.

ಮೂರು ಐವತ್ತಕ್ಕೆ ಫೋನು ಬಡಿಯಿತು. ಒಂದೇ ಗಂಟೆ, ಬಡಿದು ನಿಂತಿತು. ಕೆಂಪು ದೀಪ ಹತ್ತಿತು.

ನಾನು ಎದ್ದು ಬಗ್ಗಿ ನೋಡಿದೆ. ಅಕ್ಕ ನಂಬರು ನೋಡಿ, "ಕಾಶೀನಾಥ" ಎಂದರು. ಎಂದವರು ಫೋನ್ ಮುಟ್ಟಲಿಲ್ಲ. ಎರಡೂ ಕೈಗಳನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು ಕೂತರು.

"ಮಾಡ್ರಿ ಅಕ್ಕಾ."

"ತಡಿ. ಇನ್ನೊಂದು ಬರ್ತದೇನು ನೋಡ್ಮು."

ಆಗ ನನಗೆ ಅರ್ಥವಾಯಿತು. ಮೂವರೂ ಆ ಕರಿ ಫೋನನ್ನು ನೋಡುತ್ತ ಕೂತೆವು. ಎರಡನೆಯದು ಬರಬಾರದು. ಮೂರನೆಯದಂತೂ ಬರಲೇಬಾರದು. ನಾನು ಜನ್ಮದಲ್ಲಿ ಎಷ್ಟೋ ಸಾವಿರ ಫೋನುಗಳ ಮುಂದೆ ಕೂತು ಗಂಟೆ ಬಡಿಯಲಿ ಎಂದು ಕಾದಿದ್ದೇನೆ. ಬಡಿಯದಿರಲಿ ಎಂದು ದೇವರಿಗೆ ಕೈಮುಗಿದದ್ದು ಅದೊಂದೇ ಸಲ. ಪರದೆಯ ಗಡಿಯಾರ ಐವತ್ತೊಂದಾಯಿತು, ಐವತ್ತೆರಡಾಯಿತು. ಐವತ್ತನಾಲ್ಕು ಆದಾಗ ಅಕ್ಕ ಉಸಿರು ಬಿಟ್ಟು, ಸೊನ್ನೆ ಒತ್ತದೆ, ನಂಬರು ಹಚ್ಚಿದರು. ಎಲ್ಲರಿಗೂ ಕೇಳಲೆಂದು ಸ್ಪೀಕರಿನ ಗುಂಡಿ ಒತ್ತಿದರು.

"ಶರಣ್ರಿ ಅಕ್ಕಾ" ಎಂದ ಕಾಶೀನಾಥ. ಅವನ ದನಿ ಅತ್ತು ಒಡೆದಿತ್ತು. "ಹೆಣ್ಣು ಕೂಸು. ಎರಡು ಕಿಲೋ ಅದ. ಗಾಜಿನ ಪೆಟ್ಟಿಗ್ಯಾಗ ಇಟ್ಟಾರ, ಉಳಿತದ ಅಂದಾರ. ಆಕಿಗಿ ಎರಡು ಬಾಟಲಿ ರಕ್ತ ಹಾಕ್ಯಾರ. ಈಗ ಎಚ್ಚರ ಬಂದದ, ಮಾತಾಡ್ಲತ್ತಾಳ."

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅವರ ಕಣ್ಣಲ್ಲಿ ನೀರು ಬಂದದ್ದು ನಾನು ನೋಡಿದ್ದು ಅವತ್ತೇ. ದೇವರೇ ಸಾಹೇಬರಿಗೆ ನಾನು ಮರಾಠಿಯಲ್ಲಿ ಹೇಳಬೇಕಿತ್ತು, ಅಕ್ಕನ ಮುಖ ನೋಡಿ ಅವರೇ ತಿಳಿದುಕೊಂಡರು.

"ಅಕ್ಕಾ, ಇನ್ನೊಂದು ಮಾತ್ರಿ" ಎಂದ ಕಾಶೀನಾಥ. "ರೇಣವ್ವ ಕೇಳ್ಲತ್ತಾಳ. ಫೋನ್ ಎತ್ತಿದ ಆ ಮರಾಠಿ ಬಾಯಿ ಯಾರಂತ. ನಂಗ ಮರಾಠಿ ಬರದಿದ್ರೂ ಆ ಬಾಯಿ ಹ್ಯಾಂಗರ ತಿಳ್ಕೊಂಡು ಅಕ್ಕಗ ಮುಟ್ಸ್ಯಾಳ, ಆಕಿ ಇರ್ಲಿಲ್ಲಂದ್ರ ನಾ ಉಳೀತಿರ್ಲಿಲ್ಲ ಅಂತಾಳ. ಆ ಬಾಯಿಗಿ ನಮ್ಮ ಶರಣು ಹೇಳ್ರಿ."

ಅಕ್ಕ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ.

"ಹೇಳ್ತೀನಪ್ಪಾ" ಎಂದರು ಅಕ್ಕ ಫೋನಿಗೆ. ಆ ಬಾಯಿಯನ್ನು ನಾನು ಅಳಿಸಿಹಾಕಿ ಆಗಲೇ ಮೂರು ತಾಸಾಗಿತ್ತು.